ಸಮಜಾಯಿಷಿಯೂ ಮೆಲುಕೂ

ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿ ದುಡಿದವರಿಗೆ ಬೇರೆ ಯಾವ ಬರವಣಿಗೆ ಬರದಿದ್ದರೂ ಸಮಜಾಯಿಷಿ ಬರೆಯಲು ಬರುತ್ತದೆ. ಕಚೇರಿಯಿಂದ ಮೆಮೊ ಬರುತ್ತದೆ. ತಲುಪಿದ 3 ದಿನಗಳೊಳಗೆ ಲಿಖಿತ ಸಮಜಾಯಿಷಿ ನೀಡತಕ್ಕದ್ದು, ತಪ್ಪಿದಲ್ಲಿ ನಿಮ್ಮ ಹೇಳಿಕೆ ಏನೂ ಇಲ್ಲವೆಂದು ಭಾವಿಸಿ ಮುಂದಿನ ಕ್ರಮ ಜರುಗಿಸಲಾಗುವುದು ಎಂದಿರುತ್ತದೆ. ನನ್ನ 31 ವರ್ಷದ ಸರ್ವೀಸಿನಲ್ಲಿ ಮೂರು ಸಲ ಬರೆದಿದ್ದೇನೆ. ಎರಡರ ವಿಷಯ ಮರೆತೇ ಹೋಗಿದೆ. ಒಂದು ಬೆಡ್‌ಶೀಟುಗಳ ಲೆಕ್ಕದ್ದಿರಬೇಕು. ಮೂರನೆಯದು ಮರೆಯುವಂಥದ್ದಲ್ಲ.

ಅದು ಹೆರಿಗೆ ವಾರ್ಡು, ನೈಟ್ ಡ್ಯೂಟಿ. 42 ಜನ ತಾಯಂದಿರು, ಅವರ ಕೂಸುಗಳು, ನೆಲದ ಮೇಲೆ ಚಾಪೆ ಹಾಸಿಕೊಂಡ ಅವ್ವಂದಿರು, ಅತ್ತೆಯಂದಿರು. ನೋಡಿಕೊಳ್ಳಲು ನಾನು, ಮತ್ತು ಕೆಲಸಕ್ಕೆ ಸೇರಿ ಎರಡು ತಿಂಗಳಾಗಿದ್ದ ಒಬ್ಬಳು ಹುಡುಗಿ. ಮಧ್ಯಾಹ್ನ ಸಿಸೇರಿಯನ್ ಆಗಿದ್ದ ಒಬ್ಬಾಕೆಯ ನಾಡಿ ರಾತ್ರಿ 10ಕ್ಕೆ 96 ಇತ್ತು, 12ಕ್ಕೆ 108, 2ಕ್ಕೆ 116. ಬಿಪಿ ಮಾತ್ರ 110/70, ಅಲುಗಾಡಿರಲಿಲ್ಲ. ಆಕೆಯ ತಾಯಿ ಎರಡು ಸಲ ನಮ್ಮ ಟೇಬಲ್ಲಿನ ತನಕ ಬಂದು, "ಸಿಸ್ಟರವ್ವಾ, ಯಾಕೋ ಮಗಳು ಒಂದೇ ಸಮ ಚಡಪಡಿಸಾಕತ್ಯಾಳ, ನೀರು ನೀರು ಅಂತಾಳ" ಎಂದಳು. "ನೋವಿಗೆ ಹಂಗಾಗ್ತದವ್ವಾ, ಇಂಜೆಕ್ಷನ್ ಕೊಡ್ತೀನಿ" ಎಂದೆ. ಕೊಟ್ಟೆ ಕೂಡ. 4 ಗಂಟೆಗೆ ಮುಟ್ಟಿದಾಗ ಮೈ ತಣ್ಣಗಿತ್ತು, ಬಿಪಿ 80ಕ್ಕೆ ಇಳಿದಿತ್ತು. ಹೊಟ್ಟೆಯೊಳಗೆ ರಕ್ತ ಸೋರುತ್ತಿತ್ತು. ಡಾಕ್ಟರು ಓಡಿಬಂದು ಮತ್ತೆ ಥಿಯೇಟರಿಗೆ ಒಯ್ದರು, ಹೊಲಿಗೆ ಬಿಚ್ಚಿದರು, ನಾಲ್ಕು ಬಾಟಲಿ ರಕ್ತ ಕೊಟ್ಟರು. ಆಕೆ ಬದುಕಿದಳು.

ಮೆಮೊ ಬಂತು. ಹಿರಿಯ ಸಿಸ್ಟರೊಬ್ಬರು ಪಕ್ಕದಲ್ಲಿ ಕೂತು ಕರಡು ಹೇಳಿಕೊಟ್ಟರು. ಸದರಿ ರಾತ್ರಿ ಪಾಳಿಯಲ್ಲಿ ರೋಗಿಗಳ ಸಂಖ್ಯೆ ಅಧಿಕವಾಗಿದ್ದು, ವೈದ್ಯರ ಆದೇಶದಂತೆ ಎಲ್ಲಾ ಚುಚ್ಚುಮದ್ದುಗಳನ್ನು ಸಕಾಲಕ್ಕೆ ನೀಡಲಾಗಿದ್ದು, ನನ್ನ ಕರ್ತವ್ಯದಲ್ಲಿ ಯಾವುದೇ ಲೋಪ ಆಗಿರುವುದಿಲ್ಲ. ಕೊನೆಯ ತುಂಡೊಂದನ್ನು ಬಿಟ್ಟರೆ ಎಲ್ಲವೂ ನಿಜ. ಫೈಲು ಮುಚ್ಚಿತು.

ಆ ಪತ್ರದಲ್ಲಿ ಬರೆಯದೇ ಉಳಿದದ್ದು ನಾಲ್ಕು. ಮೂರು ನಾಡಿಯ ಅಂಕಿಗಳನ್ನು ನಾನೇ ಬರೆದಿದ್ದೆ; ಮೂರನ್ನೂ ಸಾಲಾಗಿ ಒಮ್ಮೆಯೂ ಓದಿರಲಿಲ್ಲ. ತಾಯಿಯ ಮಾತನ್ನು 'ಪೇಷಂಟ್ ಪಾರ್ಟಿಯ ಗೋಳು' ಎಂಬ ಖಾತೆಗೆ ಹಾಕಿಬಿಟ್ಟಿದ್ದೆ. 12 ಗಂಟೆಗೇ ಡಾಕ್ಟರನ್ನು ಎಬ್ಬಿಸೋಣ ಅನಿಸಿತ್ತು, ಆದರೆ ಹಿಂದಿನ ವಾರ 'ಬಿಪಿ ಸರಿಯಿರುವ ಪೇಷಂಟಿಗೆ ಯಾಕೆ ಎಬ್ಬಿಸಿದಿರಿ' ಎಂದು ಬೈಸಿಕೊಂಡದ್ದು ನೆನಪಾಗಿ ಸುಮ್ಮನಾದೆ. ನಾಲ್ಕನೆಯದನ್ನು ಬಹಳ ವರ್ಷ ಯಾರಿಗೂ ಹೇಳಿರಲಿಲ್ಲ. ಚಾರ್ಟಿನ ಉಸಿರಾಟದ ಕಾಲಮ್ಮಿನಲ್ಲಿ ಮೂರೂ ಸಲ 20 ಎಂದು ಬರೆದಿದ್ದೆ. ಎಣಿಸಿರಲಿಲ್ಲ.

ಎಣಿಸದೆ ಬರೆಯುವುದು ನನ್ನೊಬ್ಬಳ ಚಾಳಿ ಎಂದುಕೊಳ್ಳಬೇಡಿ. ಯಾವುದಾದರೂ ಜನರಲ್ ವಾರ್ಡಿನ ಟಿಪಿಆರ್ ಚಾರ್ಟು, ಅಂದರೆ ಜ್ವರ, ನಾಡಿ, ಉಸಿರು ಬರೆಯುವ ಹಾಳೆ, ತೆಗೆದು ನೋಡಿ. ಊರಿಗೆ ಊರೇ ನಿಮಿಷಕ್ಕೆ 18 ಇಲ್ಲವೇ 20 ಸಲ ಉಸಿರಾಡುತ್ತಿರುತ್ತದೆ. ಜ್ವರ ಬಂದವರು, ಆಪರೇಷನ್ ಆದವರು, ನಾಳೆ ಮನೆಗೆ ಹೋಗುವವರು, ಎಲ್ಲರೂ. ರಕ್ತ ಸೋರುವಾಗ, ಸೋಂಕು ಮೈಯೆಲ್ಲ ಹರಡುವಾಗ, ಬಿಪಿ ಕುಸಿಯುವುದಕ್ಕೆ ಮೊದಲೇ ಏರುವುದು ನಾಡಿ ಮತ್ತು ಉಸಿರು. ಇದು ಪರೀಕ್ಷೆಯಲ್ಲಿ ಬರೆದು ನಾನು ಅಂಕ ಪಡೆದಿದ್ದ ಸಂಗತಿ. ತಿಳಿವಳಿಕೆಯ ಕೊರತೆ ನನಗಿರಲಿಲ್ಲ.

ಇದನ್ನೆಲ್ಲ ಹೇಳುತ್ತಿರುವುದಕ್ಕೆ ಕಾರಣವಿದೆ. ನರ್ಸಿಂಗ್ ಶಿಕ್ಷಣದಲ್ಲಿ ಈಗ ರಿಫ್ಲೆಕ್ಟಿವ್ ಪ್ರಾಕ್ಟೀಸ್ ಎಂಬ ಮಾತು ಎಲ್ಲೆಲ್ಲೂ ಕೇಳುತ್ತದೆ. ಮಾಡಿದ ಕೆಲಸವನ್ನು ಹಿಂತಿರುಗಿ ನೋಡು, ಬರೆ, ಅದರಿಂದ ಕಲಿ, ವೃತ್ತಿಯಲ್ಲಿ ಬೆಳೆ. ಒಳ್ಳೆಯ ಮಾತು. ನನ್ನ ತಕರಾರು ಅದರ ಮೇಲಲ್ಲ. ಸಮಜಾಯಿಷಿ ಕೇಳುವ ಅದೇ ಕೈ, ಅದೇ ಫೈಲಿನಲ್ಲಿ, ಅದೇ ದನಿಯಲ್ಲಿ ಇದನ್ನೂ ಕೇಳುತ್ತಿದೆ ಎಂಬುದರ ಮೇಲೆ. ಹಾಗೆ ಕೇಳಿದರೆ ಸಿಗುವುದು ಇನ್ನೊಂದು ಸಮಜಾಯಿಷಿಯೇ.

ರಿಫ್ಲೆಕ್ಟಿವ್ ಪ್ರಾಕ್ಟೀಸ್‌ಗೆ 'ಪ್ರತಿಫಲನಾತ್ಮಕ ಅಭ್ಯಾಸ' ಎಂಬ ಅನುವಾದವನ್ನು ಒಂದು ಕಾರ್ಯಾಗಾರದ ಬ್ಯಾನರಿನಲ್ಲಿ ನೋಡಿದ್ದೆ. ಕನ್ನಡಿ ಅಂಗಡಿಯ ನೆನಪಾಯಿತು. ನಮ್ಮಲ್ಲಿ ಅದಕ್ಕಿಂತ ಹಳೆಯ ಮಾತಿದೆ: ಮೆಲುಕು. ದನ ಮೇಯುವಾಗ ಸಿಕ್ಕಿದ್ದನ್ನು ಗಬಗಬ ನುಂಗುತ್ತದೆ, ಪುರುಸೊತ್ತಿಲ್ಲ. ಆಮೇಲೆ ಕೊಟ್ಟಿಗೆಗೆ ಬಂದು, ನೆರಳಲ್ಲಿ ಮಲಗಿ, ನುಂಗಿದ್ದನ್ನು ಬಾಯಿಗೆ ತಂದುಕೊಂಡು ನಿಧಾನವಾಗಿ ಅಗಿಯುತ್ತದೆ. ಆಮೇಲಷ್ಟೇ ಅದು ಹಾಲಾಗುವುದು. ಎಂಟು ಗಂಟೆಯ ಪಾಳಿಯಲ್ಲಿ ನರ್ಸ್ ಮಾಡುವುದು ಮೇಯುವ ಕೆಲಸ. ಅಗಿಯಲು ನೆರಳೂ ಬೇಕು, ಯಾರೂ ಕೋಲು ಹಿಡಿದು ನಿಂತಿರಬಾರದು.

ಅಮೆರಿಕದ ಎಂಐಟಿಯಲ್ಲಿದ್ದ ಡೊನಾಲ್ಡ್ ಷಾನ್ 1983ರಲ್ಲಿ ಬರೆದ ಪುಸ್ತಕ ಈ ವಿಚಾರವನ್ನು ವೃತ್ತಿಗಳ ಜಗತ್ತಿಗೆ ತಂದಿತು. ಆತ ನರ್ಸ್ ಅಲ್ಲ, ತತ್ವಶಾಸ್ತ್ರ ಓದಿದವನು. ವಾಸ್ತುಶಿಲ್ಪಿಗಳು, ಮನೋವೈದ್ಯರು, ಎಂಜಿನಿಯರುಗಳು ಹೇಗೆ ಕೆಲಸ ಮಾಡುತ್ತಾರೆ ಎಂದು ಕೂತು ನೋಡಿದವನು. ಕಾಲೇಜಿನ ಜ್ಞಾನ ಎತ್ತರದ ಗಟ್ಟಿ ನೆಲ, ದಿನದ ಕೆಲಸ ತಗ್ಗಿನ ಕೆಸರು, ಜನರಿಗೆ ನಿಜವಾಗಿ ಮುಖ್ಯವಾದ ಸಮಸ್ಯೆಗಳೆಲ್ಲ ಇರುವುದು ಕೆಸರಿನಲ್ಲೇ ಎಂಬುದು ಅವನ ವಾದದ ತಿರುಳು. ಕೆಲಸ ಮಾಡುತ್ತಲೇ ಯೋಚಿಸುವುದು ಒಂದು, ಮಾಡಿ ಮುಗಿಸಿ ಯೋಚಿಸುವುದು ಇನ್ನೊಂದು ಎಂದೂ ಅವನು ಬೇರ್ಪಡಿಸಿದ. 1988ರಲ್ಲಿ ಗ್ರಹಾಂ ಗಿಬ್ಸ್ ಎಂಬ ಬ್ರಿಟಿಷ್ ಶಿಕ್ಷಕ ಇದನ್ನು ಆರು ಮೆಟ್ಟಿಲಿನ ಚಕ್ರವಾಗಿ ಮಾಡಿದ. ಏನಾಯಿತು, ಏನನಿಸಿತು, ಯಾವುದು ಒಳಿತು ಯಾವುದು ಕೆಡುಕು, ಯಾಕೆ ಹಾಗಾಯಿತು, ಇನ್ನೇನು ಮಾಡಬಹುದಿತ್ತು, ಮುಂದೆ ಏನು ಮಾಡುವೆ. ಪಾಠ ಹೇಳಲು ಅನುಕೂಲ, ಅಂಕ ಹಾಕಲು ಇನ್ನೂ ಅನುಕೂಲ. ನಮ್ಮ ನರ್ಸಿಂಗ್ ಕಾಲೇಜುಗಳಿಗೆ ಹೆಚ್ಚಾಗಿ ತಲುಪಿದ್ದು ಈ ಚಕ್ರ. ಷಾನ್‌ನ ಕೆಸರು ಅಲ್ಲೇ ಉಳಿಯಿತು.

ಆದರೆ ನರ್ಸಿಂಗ್‌ಗೆ ಮೆಲುಕು ಹೊರಗಿನಿಂದ ಬರಬೇಕಿರಲಿಲ್ಲ. ಅದರ ಹುಟ್ಟಿನಲ್ಲೇ ಇತ್ತು. ಫ್ಲಾರೆನ್ಸ್ ನೈಟಿಂಗೇಲ್ ಎಂದರೆ ನಮಗೆ ದೀಪ ಹಿಡಿದ ಹೆಂಗಸು. ಕ್ಯಾಪ್ ತೊಡುವ ದಿನ ಮೇಣದ ಬತ್ತಿ ಹಿಡಿದು ಪ್ರತಿಜ್ಞೆ ಮಾಡುತ್ತೇವೆ. ಆಕೆಯ ದೀಪಕ್ಕಿಂತ ಆಕೆಯ ಲೆಕ್ಕದ ಪುಸ್ತಕ ದೊಡ್ಡದು. ಯುದ್ಧ ನಡೆಯುತ್ತಿದ್ದಾಗ, 1854ರ ನವೆಂಬರಿನಲ್ಲಿ, 38 ನರ್ಸುಗಳೊಂದಿಗೆ ಸ್ಕುಟಾರಿಯ ಸೇನಾ ಆಸ್ಪತ್ರೆಗೆ ಆಕೆ ಹೋದಳು. ಹಗಲಿರುಳು ದುಡಿದಳು, ಊಟ ಬಟ್ಟೆ ಹೊಂದಿಸಿದಳು. ಆದರೂ ಆ ಚಳಿಗಾಲದಲ್ಲಿ ಸಾವು ಕಡಿಮೆಯಾಗಲಿಲ್ಲ, ಏರಿತು. 1855ರ ಮಾರ್ಚಿನಲ್ಲಿ ನೈರ್ಮಲ್ಯ ಆಯೋಗ ಬಂದು ಕಟ್ಟಡದಡಿಯ ಚರಂಡಿ ತೊಳೆಸಿ ಗಾಳಿಯಾಡುವಂತೆ ಮಾಡಿದ ಮೇಲೆ ಸಾವಿನ ಪ್ರಮಾಣ ಇಳಿಯಿತು. ಅಲ್ಲಿದ್ದಾಗ ಆಕೆಯ ದೂರು ಹೆಚ್ಚಾಗಿ ಕೆಟ್ಟ ಆಹಾರದ ಮೇಲೆ, ಸಾಮಗ್ರಿಯ ಕೊರತೆಯ ಮೇಲೆ, ಸೈನಿಕರು ಅರೆಜೀವವಾಗಿ ಬರುತ್ತಾರೆ ಎಂಬುದರ ಮೇಲೆ ಇತ್ತು. ಯುದ್ಧ ಮುಗಿದು ಊರಿಗೆ ಬಂದ ಮೇಲೆ ವಿಲಿಯಂ ಫಾರ್ ಎಂಬ ಸಂಖ್ಯಾಶಾಸ್ತ್ರಜ್ಞನ ಜೊತೆ ಕೂತು ಸತ್ತವರ ಲೆಕ್ಕ ತೆಗೆದಾಗ ಆಕೆಗೆ ಕಂಡದ್ದು ಬೇರೆ: ಗಾಯದಿಂದ ಸತ್ತವರು ಸ್ವಲ್ಪವೇ, ತಡೆಯಬಹುದಾಗಿದ್ದ ರೋಗಗಳಿಂದ ಸತ್ತವರೇ ಬಹಳ. ತಾನು ಉಸ್ತುವಾರಿ ನೋಡಿದ ವಾರ್ಡುಗಳಲ್ಲೇ.

ದೇಶವೆಲ್ಲ ಹೊಗಳುತ್ತಿರುವಾಗ ಒಬ್ಬಳು ಹೆಣ್ಣುಮಗಳು ತನ್ನ ಆಸ್ಪತ್ರೆಯ ಸಾವುಗಳನ್ನು ಎಣಿಸಿ, ತನ್ನ ಮೊದಲಿನ ನಂಬಿಕೆ ಸರಿಯಿರಲಿಲ್ಲ ಎಂದು ಒಪ್ಪಿ, 1858ರಲ್ಲಿ ಚಿತ್ರನಕ್ಷೆ ಬಿಡಿಸಿ ಸರ್ಕಾರದ ಮುಂದಿಟ್ಟಳು. ಬ್ಯಾರಕ್ಕುಗಳ ಚರಂಡಿ, ಗಾಳಿ, ನೀರು ಬದಲಾದದ್ದು ಆಮೇಲೆ. ಎರಡು ಸಂಗತಿ ಇಲ್ಲಿ ಗಮನಿಸಬೇಕು. ಆಕೆ ಒಬ್ಬಳೇ ಕೂತು ಯೋಚಿಸಲಿಲ್ಲ, ಜೊತೆಗೆ ಒಬ್ಬನಿದ್ದ, ಅಂಕಿಗಳಿದ್ದವು. ಆಕೆಗೆ ಯಾರೂ ಮೆಮೊ ಕೊಟ್ಟಿರಲಿಲ್ಲ.

ನಿವೃತ್ತಿಯಾದ ಮೇಲೆ ಎರಡು ವರ್ಷ ಒಂದು ಖಾಸಗಿ ನರ್ಸಿಂಗ್ ಕಾಲೇಜಿನಲ್ಲಿ ಪಾಠ ಮಾಡಿದೆ. ಬಿಎಸ್ಸಿ ಮಕ್ಕಳಿಗೆ ರಿಫ್ಲೆಕ್ಟಿವ್ ಜರ್ನಲ್ ಬರೆಯುವ ಕೆಲಸ, 10 ಅಂಕ, ಆರು ಚೌಕ. 46 ಪುಸ್ತಕ ತಿದ್ದಿದೆ. ಇಂಗ್ಲಿಷಿನಲ್ಲಿ ಬರೆದಿದ್ದರು. ಎರಡನೇ ಚೌಕದಲ್ಲಿ ಬಹುತೇಕ ಎಲ್ಲರಿಗೂ ದುಃಖವಾಗಿತ್ತು, ಐದನೇ ಚೌಕದಲ್ಲಿ ಎಲ್ಲರಿಗೂ ಸಂವಹನದ ಮಹತ್ವ ಅರಿವಾಗಿತ್ತು, ಆರನೆಯದರಲ್ಲಿ ಎಲ್ಲರೂ ಕೌಶಲ ಸುಧಾರಿಸಿಕೊಳ್ಳಲು ಹೊರಟಿದ್ದರು. ಸೀನಿಯರ್‌ಗಳ ಪುಸ್ತಕದಿಂದ ಇಳಿಸಿದ್ದು ಕೆಲವು, ಮೊಬೈಲ್ ಬರೆದುಕೊಟ್ಟದ್ದು ಕೆಲವು. ಮಕ್ಕಳನ್ನು ಬೈಯಲು ಮನಸ್ಸಾಗಲಿಲ್ಲ. ತನ್ನ ತಪ್ಪನ್ನು ತಾನೇ ಬರೆದು, ಇಂಟರ್ನಲ್ ಅಂಕ ಕೊಡುವವರ ಕೈಗೆ ಕೊಡು ಎಂದರೆ ಬುದ್ಧಿಯಿದ್ದವರು ಏನು ಮಾಡುತ್ತಾರೋ ಅದನ್ನೇ ಅವರು ಮಾಡಿದ್ದರು.

ಯಾದಗಿರಿ ಕಡೆಯ ಒಬ್ಬ ಹುಡುಗಿಯನ್ನು ಕರೆದು, ಪುಸ್ತಕ ಮುಚ್ಚಿಟ್ಟು, "ಆ ದಿನ ಆ ಪೇಷಂಟ್ ಹತ್ರ ಏನಾಯ್ತು, ಕನ್ನಡದಾಗ ಹೇಳು" ಎಂದೆ. ಲಕ್ವ ಹೊಡೆದಿದ್ದ ಅಜ್ಜನೊಬ್ಬನಿಗೆ ಗಂಜಿ ಕುಡಿಸಿದ ಪ್ರಸಂಗ ಅದು. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಹೇಳಿದಳು: "ಅಜ್ಜನ ಬಾಯಿ ಒರಸುಮುಂದ ನನಗ ಹೇಸಿಕಿ ಬಂತ್ರಿ ಮೇಡಂ. ಅವ್ರು ನನ್ನ ಮುಖಾನೇ ನೋಡಾಕತ್ತಿದ್ರು. ಅವ್ರಿಗೆ ಗೊತ್ತಾತ್ರಿ."

ಈ ಮೂರು ಮಾತು ಅವಳ ನಾಲ್ಕು ಪುಟದ ಜರ್ನಲ್ಲಿನಲ್ಲಿ ಎಲ್ಲೂ ಇರಲಿಲ್ಲ. ಹೇಸಿಗೆ ಎಂಬ ಪದಕ್ಕೆ ಇಂಗ್ಲಿಷ್ ಗೊತ್ತಿರಲಿಲ್ಲವೆಂದಲ್ಲ. ಅಂಕದ ಪುಸ್ತಕದಲ್ಲಿ ನರ್ಸಿಗೆ ಹೇಸಿಗೆ ಬರಕೂಡದು. ಆ ದಿನ ಅವಳೂ ನಾನೂ ಅರ್ಧ ಗಂಟೆ ಮಾತಾಡಿದೆವು. ಹೇಸಿಗೆ ಬರುವುದು ಪಾಪವಲ್ಲ, ನನಗೂ ಮೊದಲ ವರ್ಷ ಕಫದ ಕಪ್ಪು ಕಂಡರೆ ಹೊಟ್ಟೆ ತೊಳಸುತ್ತಿತ್ತು, ಮುಖ ಕಾಣದಂತೆ ಪಕ್ಕಕ್ಕೆ ನಿಂತು ಒರೆಸುವುದು ಹೇಗೆ, ಒರೆಸುವಾಗ ಅಜ್ಜನ ಜೊತೆ ಅವನ ಊರಿನ ಮಾತು ತೆಗೆಯುವುದು ಹೇಗೆ ಎಂದೆಲ್ಲ. ಅದು ನರ್ಸಿಂಗ್ ಪಾಠ. ಯಾವ ಸಿಲಬಸ್ಸಿನ ಯಾವ ಯೂನಿಟ್ಟಿನಲ್ಲೂ ನಾನು ಅದನ್ನು ಹೇಳಿಕೊಟ್ಟಿರಲಿಲ್ಲ.

ಹಾಗಾಗಿ ನನ್ನ ಮೊದಲ ಹಟ: ಮೆಲುಕು ಕನ್ನಡದಲ್ಲಿ ನಡೆಯಲಿ, ಅಥವಾ ಆ ನರ್ಸ್ ಅವ್ವನ ಹತ್ತಿರ ಜಗಳವಾಡುವ ಭಾಷೆ ಯಾವುದೋ ಅದರಲ್ಲಿ. ಪೇಷಂಟ್ ನರಳುವುದು ಕನ್ನಡದಲ್ಲಿ, ನಾವು ಸಮಾಧಾನ ಹೇಳುವುದು ಕನ್ನಡದಲ್ಲಿ, ಹ್ಯಾಂಡ್‌ಓವರ್ ಅರೆಗನ್ನಡದಲ್ಲಿ. ಯೋಚನೆ ಮಾತ್ರ ಇಂಗ್ಲಿಷಿನಲ್ಲಿ ಎಂದರೆ ಅದು ಗ್ರಾಮರಿನ ಭಯದಲ್ಲೇ ಮುಗಿಯುತ್ತದೆ.

ಹೊರದೇಶದಲ್ಲಿ ಹೇಗಿದೆ ಎಂದು ಕೇಳುವವರಿಗೆ ಬ್ರಿಟನ್ನಿನ ಉದಾಹರಣೆ ಕೊಡಬಹುದು. ಮಂಗಳೂರು, ಬೆಂಗಳೂರುಗಳಲ್ಲಿ ಕಲಿತ ನರ್ಸುಗಳು ಅಲ್ಲಿ ಬಹಳ ಮಂದಿ ಇರುವುದರಿಂದ ಅದು ನಮಗೆ ತೀರ ದೂರದ ಮಾತೂ ಅಲ್ಲ. 2016ರ ಏಪ್ರಿಲಿನಿಂದ ಅಲ್ಲಿಯ ನರ್ಸಿಂಗ್ ಕೌನ್ಸಿಲ್ ಮೂರು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಲು ಕೆಲವು ಷರತ್ತು ಹಾಕಿದೆ: 450 ಗಂಟೆ ಕೆಲಸ, 35 ಗಂಟೆ ಕಲಿಕೆ, ಕೆಲಸದ ಬಗ್ಗೆ ಇತರರಿಂದ ಪಡೆದ ಐದು ಅಭಿಪ್ರಾಯ, ಐದು ಮೆಲುಕಿನ ಬರಹ. ಇದರಲ್ಲಿ ನನಗೆ ಮೆಚ್ಚುಗೆಯಾದದ್ದು ಐದು ಎಂಬ ಸಂಖ್ಯೆಯಲ್ಲ. ಆ ಬರಹಗಳನ್ನು ಕೌನ್ಸಿಲ್ಲಿಗೆ ಕಳಿಸಬೇಕಿಲ್ಲ. ಅವು ನರ್ಸಿನ ಹತ್ತಿರವೇ ಇರುತ್ತವೆ. ಇನ್ನೊಬ್ಬ ನೋಂದಾಯಿತ ನರ್ಸಿನ ಜೊತೆ ಕೂತು ಅವುಗಳ ಬಗ್ಗೆ ಮಾತಾಡಿದೆ ಎಂಬ ಸಹಿ ಸಾಕು. ಪೇಷಂಟಿನ ಗುರುತು ಹತ್ತುವ ಯಾವ ವಿವರವೂ ಅದರಲ್ಲಿರಕೂಡದು.

ನಮ್ಮಲ್ಲಿ ಐದು ವರ್ಷಕ್ಕೊಮ್ಮೆ ನವೀಕರಣ, ಅದಕ್ಕೆ 150 ಗಂಟೆಯ ಮುಂದುವರಿದ ಶಿಕ್ಷಣ ಎಂದು ಭಾರತೀಯ ನರ್ಸಿಂಗ್ ಪರಿಷತ್ತು ಹೇಳಿದೆ. ಗಂಟೆಗಳನ್ನು ಹೇಗೆ ತುಂಬುತ್ತಾರೆ ಎಂಬುದು ತುಂಬಿದವರಿಗೆ ಗೊತ್ತು. ಎಸಿ ಹಾಲ್, ಪವರ್‌ಪಾಯಿಂಟ್, ಮಧ್ಯಾಹ್ನ ಗೋಬಿ ಮಂಚೂರಿ, ಸಂಜೆ ಸರ್ಟಿಫಿಕೇಟ್. ಕೆಲವು ಉಪನ್ಯಾಸ ಚೆನ್ನಾಗಿರುತ್ತವೆ, ಇಲ್ಲವೆನ್ನುವುದಿಲ್ಲ. ಆದರೆ ನನ್ನ ಆ ರಾತ್ರಿಯ ತಪ್ಪನ್ನು ತಿದ್ದುವ ಉಪನ್ಯಾಸ ಯಾವುದು? ಉಸಿರು ಎಣಿಸಬೇಕೆಂದು ನನಗೆ ಮೊದಲೇ ಗೊತ್ತಿತ್ತು.

ಬ್ರಿಟನ್ನಿನ ಎಚ್ಚರಿಕೆಯ ಕಥೆಯೂ ಇದೆ. ಅಲ್ಲಿ 2011ರಲ್ಲಿ ಆರು ವರ್ಷದ ಮಗುವೊಂದು ಆಸ್ಪತ್ರೆಯಲ್ಲಿ ತೀರಿಕೊಂಡಿತು. ನೋಡಿಕೊಂಡಿದ್ದ ತರಬೇತಿ ವೈದ್ಯೆಗೂ ಒಬ್ಬ ನರ್ಸಿಗೂ ಕ್ರಿಮಿನಲ್ ಶಿಕ್ಷೆಯಾಯಿತು. ವೈದ್ಯೆ ಕಲಿಕೆಗೆಂದು ಬರೆದ ಟಿಪ್ಪಣಿಯನ್ನೇ ಅವಳ ವಿರುದ್ಧ ಬಳಸಿದರು ಎಂಬ ಸುದ್ದಿ 2018ರಲ್ಲಿ ಹಬ್ಬಿತು. ನ್ಯಾಯಾಲಯದ ಸಾಕ್ಷ್ಯದಲ್ಲಿ ಅದು ಇರಲಿಲ್ಲವೆಂದು ಆಮೇಲೆ ಸ್ಪಷ್ಟವಾದರೂ ಹುಟ್ಟಿದ ಭಯ ಹೋಗಲಿಲ್ಲ. ಇನ್ನು ಮುಂದೆ ಏನನ್ನೂ ಬರೆಯುವುದಿಲ್ಲ ಎಂಬ ಮಾತು ಕೇಳಿಬಂತು. ವಿಚಾರಣೆಗಾಗಿ ಇಂಥ ಟಿಪ್ಪಣಿಗಳನ್ನು ಕೇಳುವುದಿಲ್ಲ ಎಂದು ಅಲ್ಲಿಯ ವೈದ್ಯಕೀಯ ಮಂಡಳಿ ಹೇಳಬೇಕಾಯಿತು. ಒಂದು ಪುಕಾರಿಗೇ ಇಷ್ಟಾಗುವುದಾದರೆ, ಮೆಮೊ ಎಂಬುದು ದಿನಚರಿಯಾಗಿರುವ ನಮ್ಮಲ್ಲಿ ಹೇಗಿರಬೇಡ?

ತಪ್ಪು ಹುಡುಕುವುದನ್ನು ಶಿಕ್ಷೆಯಿಂದ ಬೇರ್ಪಡಿಸಬಹುದು ಎಂಬುದಕ್ಕೆ ಬ್ರಿಟನ್ನಿಗೇ ಹೋಗಬೇಕಿಲ್ಲ. ಪಕ್ಕದ ಕೇರಳದಲ್ಲಿ ಪ್ರಸೂತಿ ತಜ್ಞರ ಒಕ್ಕೂಟ 2004ರಿಂದ ತಾಯಂದಿರ ಸಾವುಗಳನ್ನು ಗೋಪ್ಯವಾಗಿ ಪರಿಶೀಲಿಸುತ್ತ ಬಂದಿದೆ. ಕೇಸ್ ಶೀಟಿನಿಂದ ತಾಯಿಯ ಹೆಸರು, ಆಸ್ಪತ್ರೆಯ ಹೆಸರು, ಡಾಕ್ಟರ ಹೆಸರು ತೆಗೆದು, ಏನಾಯಿತು, ಎಲ್ಲಿ ತಡವಾಯಿತು ಎಂದಷ್ಟೇ ನೋಡುತ್ತಾರೆ. ರಕ್ತಸ್ರಾವ ಮತ್ತು ಬಿಪಿಯಿಂದ ಆಗುವ ಸಾವುಗಳು ಎಷ್ಟು ದೊಡ್ಡ ಪಾಲು ಎಂಬುದು ಅವರಿಗೆ ಕಂಡದ್ದು, ಅವಕ್ಕೆ ಸ್ಪಷ್ಟ ಕ್ರಮಗಳನ್ನು ಹಾಕಿಕೊಂಡದ್ದು ಹೀಗೆಯೇ. ಹೆಸರು ಬೇಡ, ದೂರು ಬೇಡ ಎಂಬ ಈ ತತ್ವವನ್ನು ತಾಯಿ ಮರಣದ ಪರಿಶೀಲನೆಗೆ ಕೇಂದ್ರ ಸರ್ಕಾರದ ಮಾರ್ಗಸೂಚಿಯೂ ಒಪ್ಪಿದೆ. ಸತ್ತವರ ವಿಷಯದಲ್ಲಿ ಒಪ್ಪಿದ್ದನ್ನು, ಸಾಯದೆ ಉಳಿದವರ ವಿಷಯದಲ್ಲೂ ಒಪ್ಪಲು ಏನು ಅಡ್ಡಿ?

ಅಡ್ಡಿ ಇದೆ, ಅದು ಬರೀ ಅಧಿಕಾರಿಗಳದ್ದಲ್ಲ. ನಮ್ಮೊಳಗಿನದು. 1950ರ ದಶಕದ ಕೊನೆಯಲ್ಲಿ ಇಸಾಬೆಲ್ ಮೆನ್ಜಿಸ್ ಎಂಬ ಮನೋವಿಶ್ಲೇಷಕಿ ಲಂಡನ್ನಿನ ಒಂದು ಬೋಧನಾ ಆಸ್ಪತ್ರೆಯ ನರ್ಸುಗಳನ್ನು ಅಭ್ಯಾಸ ಮಾಡಿದಳು. ನೋವು, ಮಲ, ಸಾವು ಇವುಗಳ ನಡುವೆ ದಿನವಿಡೀ ಇರುವ ಹುಡುಗಿಯರ ಮನಸ್ಸಿನ ತಳಮಳವನ್ನು ಆಸ್ಪತ್ರೆ ಹೇಗೆ ನಿಭಾಯಿಸುತ್ತದೆ ಎಂಬುದು ಅವಳ ಪ್ರಶ್ನೆ. ಅವಳಿಗೆ ಕಂಡದ್ದು: ಕೆಲಸವನ್ನು ಚೂರು ಚೂರು ಮಾಡಿ ಹಂಚುತ್ತಾರೆ, ಯಾವ ನರ್ಸೂ ಒಬ್ಬ ರೋಗಿಯ ಹತ್ತಿರ ಬಹಳ ಹೊತ್ತು ಉಳಿಯದಂತೆ. ರೋಗಿಗೆ ಹೆಸರಿಲ್ಲ, ಹತ್ತನೇ ಹಾಸಿಗೆಯ ಲಿವರ್, ಹದಿನೈದನೆಯದರ ನ್ಯುಮೋನಿಯ. ನಾವೂ 'ಹನ್ನೆರಡನೇ ಬೆಡ್ಡಿನ ಗಾಲ್‌ಬ್ಲಾಡರಿಗೆ ಡ್ರಿಪ್ ಬದಲಿಸು' ಎಂದವರೇ. ಇದು ಕಲ್ಲು ಮನಸ್ಸಿನಿಂದ ಬಂದದ್ದಲ್ಲ, ಮನಸ್ಸು ಕಲ್ಲಾಗದಿದ್ದರೆ ನಾಳೆ ಡ್ಯೂಟಿಗೆ ಬರಲಾಗದು ಎಂಬ ಭಯದಿಂದ ಬಂದದ್ದು ಎಂದು ಅವಳು ವಾದಿಸಿದಳು. ಚಾರ್ಟಿನಲ್ಲಿ 20 ಎಂದು ಬರೆಯುವಾಗಿನ ನನ್ನ ಕೈಯನ್ನು ಅವಳಷ್ಟು ಚೆನ್ನಾಗಿ ಬೇರೆ ಯಾರೂ ನನಗೆ ವಿವರಿಸಿಲ್ಲ. ಒಂದು ನಿಮಿಷ ಎದೆಯ ಏರಿಳಿತ ನೋಡುತ್ತ ನಿಂತರೆ ಆ ಮನುಷ್ಯಳನ್ನು ನೋಡಬೇಕಾಗುತ್ತದೆ.

ಹೀಗಾಗಿಯೇ ಮೆಲುಕಿನ ವಿರುದ್ಧ ಬರುವ ಒಂದು ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ: ಕೆದಕಿದರೆ ಗಾಯ ದೊಡ್ಡದಾಗುತ್ತದೆ ಎಂಬುದು. ಕೊರಗುವುದು ಬೇರೆ, ಮೆಲುಕು ಹಾಕುವುದು ಬೇರೆ. ಆ ಘಟನೆಯಾದ ಮೇಲೆ ನಾನು ವರ್ಷಗಟ್ಟಲೆ ಮಾಡಿದ್ದು ಕೊರಗು. ರಾತ್ರಿ ಎಚ್ಚರವಾದರೆ ಆ ತಾಯಿಯ ದನಿ ಕೇಳುತ್ತಿತ್ತು. ಅದರಿಂದ ನಾನೇನೂ ಉತ್ತಮ ನರ್ಸ್ ಆಗಲಿಲ್ಲ, ಬಿಪಿ ಮಾತ್ರೆ ಶುರುವಾಯಿತು ಅಷ್ಟೆ. ಒಬ್ಬಳೇ ಅಗಿದದ್ದು ಹಾಗೇ ಉಳಿಯುತ್ತದೆ.

ಇನ್ನೊಂದು ತಕರಾರು ಪುರಾವೆಯದು. ಮೆಲುಕು ಹಾಕಿದ್ದರಿಂದ ರೋಗಿಗಳಿಗೆ ಇಷ್ಟು ಒಳಿತಾಯಿತು ಎಂದು ಅಳೆದು ತೋರಿಸಿದ ಅಧ್ಯಯನಗಳು ಕಡಿಮೆ. ಬಹುಪಾಲು ಅಧ್ಯಯನಗಳು ನರ್ಸುಗಳೇ 'ನಮಗೆ ಉಪಯೋಗವಾಯಿತು' ಎಂದದ್ದನ್ನು ಬರೆದುಕೊಂಡವು. ಇದು ನಿಜವಾದ ಕೊರತೆ. ಮುಚ್ಚಿಟ್ಟು ಲಾಭವಿಲ್ಲ.

ಎಲ್ಲಕ್ಕಿಂತ ಬಲವಾದ ತಕರಾರು ಇದು: 42 ಜನಕ್ಕೆ ಇಬ್ಬರನ್ನು ಹಾಕಿದವರು ಯಾರೋ, ಮೆಲುಕು ಹಾಕಬೇಕಾದವಳು ಮಾತ್ರ ನರ್ಸ್! ಬೋಧನಾ ಆಸ್ಪತ್ರೆಯಲ್ಲಿ ಮೂವರು ರೋಗಿಗೆ ಒಬ್ಬರು, ಸಾಮಾನ್ಯ ಆಸ್ಪತ್ರೆಯಲ್ಲಿ ಐವರಿಗೆ ಒಬ್ಬರು ಎಂದು ನರ್ಸಿಂಗ್ ಪರಿಷತ್ತೇ ನಿಗದಿ ಮಾಡಿದ ಲೆಕ್ಕವಿದೆ. 2016ರಲ್ಲಿ ಸುಪ್ರೀಂ ಕೋರ್ಟಿನ ಸೂಚನೆಯ ಮೇರೆಗೆ ರಚನೆಯಾದ ಸಮಿತಿ, 50ಕ್ಕಿಂತ ಕಡಿಮೆ ಹಾಸಿಗೆಯ ಖಾಸಗಿ ಆಸ್ಪತ್ರೆಯಲ್ಲೂ ನರ್ಸಿನ ಸಂಬಳ 20,000 ರೂಪಾಯಿಗಿಂತ ಕಡಿಮೆ ಇರಕೂಡದು ಎಂದಿತು; ಅದರ ಅರ್ಧಕ್ಕೆ ದುಡಿಯುತ್ತಿದ್ದ ನನ್ನ ಶಿಷ್ಯೆಯರನ್ನು ನಾನು ಕಂಡಿದ್ದೇನೆ. ಇಂಥವರಿಗೆ ಹೋಗಿ 'ನಿನ್ನ ಅಂತರಂಗವನ್ನು ನೋಡಿಕೊ' ಎನ್ನುವುದು ಹಸಿದವನಿಗೆ ಉಪವಾಸದ ಮಹಿಮೆ ಹೇಳಿದಂತೆ. ವ್ಯವಸ್ಥೆಯ ಕೊರತೆಯನ್ನು ನರ್ಸಿನ ಆತ್ಮಸಾಕ್ಷಿಯ ಮೇಲೆ ಹೇರುವ ಉಪಾಯವಾಗಿ ಮೆಲುಕು ಬಳಕೆಯಾಗುವುದಾದರೆ ನಾನು ಅದರ ವಿರುದ್ಧ.

ಆದರೆ ನಾನು ಕಣ್ಣಾರೆ ಕಂಡದ್ದು ತಿರುಗಾಮುರುಗಾ. ಸರ್ವೀಸಿನ ಕೊನೆಯ ವರ್ಷಗಳಲ್ಲಿ ನಾನಿದ್ದ ವಾರ್ಡಿಗೆ ಒಬ್ಬ ಇನ್‌ಚಾರ್ಜ್ ಸಿಸ್ಟರ್ ಬಂದರು. ಓದಿದ್ದು ಜಿಎನ್ಎಂ ಡಿಪ್ಲೊಮಾ, ಷಾನ್ ಗಿಬ್ಸ್ ಯಾರ ಹೆಸರೂ ಕೇಳಿದವರಲ್ಲ. ಬುಧವಾರ ಮಧ್ಯಾಹ್ನ 2 ಗಂಟೆಗೆ ಎರಡೂ ಪಾಳಿಯವರು ಇರುತ್ತಾರಲ್ಲ, ಆಗ ಟ್ರೀಟ್‌ಮೆಂಟ್ ರೂಮಿನ ಬಾಗಿಲು ಹಾಕಿ, ಚಹಾ ತರಿಸಿ, "ಈ ವಾರ ಯಾವುದು ಮನಸ್ಸಿಗೆ ಚುಚ್ಚಿತು, ಹೇಳ್ರವ್ವಾ" ಎನ್ನುತ್ತಿದ್ದರು. ಮೊದಲ ಸಲ ತಾವೇ ಹೇಳಿದರು, ಯಾವಾಗಲೋ ತಪ್ಪು ಪೇಷಂಟಿಗೆ ಇನ್ಸುಲಿನ್ ಹಾಕಿದ್ದನ್ನು. ಕೋಣೆಯಲ್ಲಿ ಆಡಿದ ಮಾತು ಕೋಣೆಯಲ್ಲೇ. ಅಲ್ಲಿ ನಾನು ಮೊದಲ ಬಾರಿಗೆ ಆ 20ರ ವಿಷಯ ಬಾಯಿಬಿಟ್ಟೆ.

ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಆಮೇಲೆ ಒಬ್ಬಳು, "ನಾನೂ ಎಣಿಸಲ್ಲಕ್ಕಾ" ಎಂದಳು. ಇನ್ನೊಬ್ಬಳು. ಏಳು ಜನರಲ್ಲಿ ಏಳೂ ಜನ. ಯಾಕೆ ಎಂದು ಕೆದಕುತ್ತ ಹೋದರೆ ಸೋಮಾರಿತನವೊಂದೇ ಸಿಗಲಿಲ್ಲ. ಮೊಬೈಲು ಲಾಕರಿನಲ್ಲಿಡಬೇಕೆಂಬ ಆದೇಶ, ಕೈಗಡಿಯಾರ ಕಟ್ಟಬಾರದೆಂಬ ಸೋಂಕು ನಿಯಂತ್ರಣದ ನಿಯಮ, ಮತ್ತು ವಾರ್ಡಿನ ಗೋಡೆ ಗಡಿಯಾರಕ್ಕೆ ಸೆಕೆಂಡಿನ ಮುಳ್ಳಿರಲಿಲ್ಲ! ಇಷ್ಟು ವರ್ಷ ಉಸಿರು ಎಣಿಸಿ ಎಂದು ಹೇಳಿದ ಯಾರೂ ಯಾವುದನ್ನು ನೋಡಿ ಎಣಿಸಬೇಕು ಎಂದು ಕೇಳಿರಲಿಲ್ಲ. ದುಡ್ಡು ಸೇರಿಸಿ ಎರಡು ಗಡಿಯಾರ ತಂದೆವು. ಡಾಕ್ಟರನ್ನು ಎಬ್ಬಿಸುವ ಭಯದ ಮಾತೂ ಬಂತು. ಇನ್‌ಚಾರ್ಜ್ ಹೋಗಿ ಪ್ರಸೂತಿ ತಜ್ಞೆಯ ಹತ್ತಿರ ಮಾತಾಡಿ, ನಾಡಿ ಸತತ ಎರಡು ಸಲ 110 ದಾಟಿದರೆ ಹೊತ್ತು ಗೊತ್ತಿಲ್ಲದೆ ಕರೆಯಬಹುದು, ಬೈಯುವಂತಿಲ್ಲ ಎಂದು ಒಪ್ಪಿಸಿ ಬಂದರು. ನರ್ಸುಗಳ ಸಂಖ್ಯೆಯ ಬಗ್ಗೆ ಒಂದು ವರ್ಷದಲ್ಲಿ ನಾಲ್ಕು ಪತ್ರ ಹೋದವು, ಎಲ್ಲರ ಸಹಿಯೊಂದಿಗೆ, ದಿನಾಂಕವಾರು ರೋಗಿಗಳ ಲೆಕ್ಕದೊಂದಿಗೆ. ಒಬ್ಬಳನ್ನು ಹೆಚ್ಚಿಗೆ ಕೊಟ್ಟರು. ಎಷ್ಟು ಜೀವ ಉಳಿಯಿತು ಎಂದು ಕೇಳಬೇಡಿ, ನಾವು ಲೆಕ್ಕ ಇಡಲಿಲ್ಲ. ಇಡಬೇಕಿತ್ತು.

ನನ್ನ ಆ ನಾಲ್ಕು ಸಂಗತಿಗಳಲ್ಲಿ ನನ್ನದೆಷ್ಟು, ಆಸ್ಪತ್ರೆಯದೆಷ್ಟು ಎಂದು ಬೇರ್ಪಡಿಸಲು ನನಗೊಬ್ಬಳಿಗೇ ಆಗಿರಲಿಲ್ಲ. ಏಳು ಜನ ಕೂತಾಗ ಅದು ತಾನಾಗಿ ಬೇರೆಯಾಯಿತು. ತಾಯಿಯ ಮಾತು ಕೇಳದ್ದು ನನ್ನದು, ಇವತ್ತಿಗೂ ನನ್ನದೇ. ಗಡಿಯಾರ ನನ್ನದಲ್ಲ.

ಬರೆಯದೇ ಹೋಗುವುದರಿಂದ ಆಗುವ ನಷ್ಟ ಇನ್ನೂ ಒಂದಿದೆ. ಉತ್ತರ ಕನ್ನಡದ ಹಳದೀಪುರದಿಂದ ಮುಂಬೈಯ ಕೆಇಎಂ ಆಸ್ಪತ್ರೆಗೆ ನರ್ಸಾಗಿ ಹೋದ ಅರುಣಾ ಶಾನಭಾಗ 1973ರ ನವೆಂಬರ್ 27ರಂದು ಹಲ್ಲೆಗೊಳಗಾಗಿ ಪ್ರಜ್ಞೆ ಮರಳದ ಸ್ಥಿತಿಗೆ ಹೋದರು. 2015ರ ಮೇ 18ರಂದು ತೀರಿಕೊಳ್ಳುವ ತನಕ, 41 ವರ್ಷಕ್ಕೂ ಮಿಕ್ಕಿ, ಅದೇ ಆಸ್ಪತ್ರೆಯ ನರ್ಸುಗಳು ತಲೆಮಾರಿನ ಮೇಲೆ ತಲೆಮಾರು ನೋಡಿಕೊಂಡರು. 2011ರ ಮಾರ್ಚಿನ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಅವರ ಆರೈಕೆಯನ್ನು ಮೆಚ್ಚಿ ಬರೆಯಿತು. ಅಷ್ಟು ವರ್ಷ ಹಾಸಿಗೆ ಹಿಡಿದ ದೇಹಕ್ಕೆ ಬೆಡ್‌ಸೋರ್ ಆಗದಂತೆ ಕಾಪಾಡಿದ್ದು ದೇಶಕ್ಕೆಲ್ಲ ಸುದ್ದಿಯಾಯಿತು. ಈ ಕೆಲಸ ಎಂಥದೆಂದು ನರ್ಸುಗಳಿಗೆ ಗೊತ್ತು. ಹೆಚ್ಚು ಹಾಸಿಗೆ ಕಡಿಮೆ ಕೈಯ ವಾರ್ಡಿನಲ್ಲಿ ಹತ್ತೇ ದಿನಕ್ಕೆ ಬೆನ್ನು ಹುಣ್ಣಾಗುತ್ತದೆ. ಅರುಣಾ ಬಗ್ಗೆ ಪತ್ರಕರ್ತೆಯೊಬ್ಬರ ಪುಸ್ತಕ 1998ರಲ್ಲಿ ಬಂತು, ದಯಾಮರಣದ ಕಾನೂನು ಚರ್ಚೆ ರಾಶಿ ರಾಶಿ ಬಂತು. ಎಷ್ಟು ಹೊತ್ತಿಗೆ ಹೊರಳಿಸುತ್ತಿದ್ದರು, ಮೆತ್ತಗೆ ಮಾಡಿದ ಊಟವನ್ನು ನೆತ್ತಿಗೇರದಂತೆ ಬಾಯಿಗಿಡುವುದನ್ನು ಹೊಸಬರಿಗೆ ಹೇಗೆ ಕಲಿಸುತ್ತಿದ್ದರು, ಆಕೆಯ ಕೂಗಿನಲ್ಲಿ ಯಾವುದು ನೋವು ಯಾವುದು ಸಿಟ್ಟು ಎಂದು ಹೇಗೆ ತಿಳಿಯುತ್ತಿತ್ತು ಎಂಬುದನ್ನು ಆ ನರ್ಸುಗಳ ಬಾಯಲ್ಲೇ ಓದಬೇಕೆಂದು ನನಗೆ ಬಹಳ ಆಸೆಯಿತ್ತು. ನಮ್ಮ ಕಾಲೇಜುಗಳಲ್ಲಿ ಬೆಡ್‌ಸೋರ್ ಪಾಠಕ್ಕೆ ಈಗಲೂ ಹೊರದೇಶದ ಪಠ್ಯಪುಸ್ತಕವೇ ಆಧಾರ.

ನರ್ಸಿಂಗ್ ಸೂಪರಿಂಟೆಂಡೆಂಟರಲ್ಲಿ ನನ್ನ ಬೇಡಿಕೆ ಇಷ್ಟೆ. ಹೊಸ ಫಾರಂ ಮಾಡಬೇಡಿ, ಇನ್‌ಸ್ಪೆಕ್ಷನ್ನಿಗೆ ತೋರಿಸಲು ರಿಜಿಸ್ಟರ್ ತೆರೆಯಬೇಡಿ, ಹಾಜರಿ ತೆಗೆದುಕೊಳ್ಳಬೇಡಿ. ಮುಂದಿನ ತಿಂಗಳ ಡ್ಯೂಟಿ ಪಟ್ಟಿ ಹಾಕುವಾಗ ವಾರಕ್ಕೊಂದು ದಿನ ಮಧ್ಯಾಹ್ನ 2ರಿಂದ 2.20ರವರೆಗೆ ವಾರ್ಡಿಗೆ ಬೇರೆ ಇಬ್ಬರನ್ನು ನಿಲ್ಲಿಸಿ, ಉಳಿದವರನ್ನು ಒಂದು ಕೋಣೆಗೆ ಬಿಟ್ಟುಬಿಡಿ. ಆ 20 ನಿಮಿಷ ಡ್ಯೂಟಿ ಎಂದೇ ಲೆಕ್ಕವಾಗಲಿ. ಅಲ್ಲಿ ಆಡಿದ ಮಾತಿಗೆ ಮೆಮೊ ಕೊಡುವುದಿಲ್ಲ ಎಂದು ನಿಮ್ಮ ಸಹಿ ಹಾಕಿದ ಒಂದು ಹಾಳೆ ಗೋಡೆಗೆ ಅಂಟಿಸಿ. ಮೊದಲ ವಾರ ನೀವೂ ಬನ್ನಿ, ನಿಮ್ಮದನ್ನು ಮೊದಲು ಹೇಳಿ. ಚಹಾದ ಖರ್ಚು ನರ್ಸುಗಳೇ ಹಾಕಿಕೊಳ್ಳುತ್ತಾರೆ.